ಶೇಂಗಾ ಕಾಯಿಯಂಥ ಉಬ್ಬು ಮತ್ತು ಮತ್ತೆ ಮತ್ತೆ ಬರುವ ಅದೇ ಪ್ರಶ್ನೆ

ಈ ಸಲವೂ ಗದಗ, ರೋಣ, ಹಾವೇರಿ, ಹುಬ್ಬಳ್ಳಿ ಎಲ್ಲ ಕಡೆಯಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬಂದಿದೆ. ಗೆಲಾಕ್ಸಿ ಎಂದರೆ ಕೋಟಿಗಟ್ಟಲೆ ನಕ್ಷತ್ರಗಳ ಕೂಟ, ನಮ್ಮದರ ಹೆಸರು ಆಕಾಶಗಂಗೆ; ಜ್ಯೋತಿರ್ವರ್ಷ ಎಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ. ಇದಕ್ಕಿಂತ ಹೆಚ್ಚು ಇಲ್ಲಿ ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ಆಕಾಶಗಂಗೆಯ ನಡುವಿನ ಉಬ್ಬು ಆಗಿದ್ದು ಅಲ್ಲಿರುವ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ನಕ್ಷತ್ರಗಳನ್ನು ಎಳೆದು ಗುಡ್ಡೆ ಹಾಕಿದ್ದರಿಂದಲೇ?

ಅಲ್ಲ. ಎಷ್ಟು ಸಲ ಹೇಳಿದರೂ ವಿಡಿಯೊ ಮಾಡುವವರು ಇದನ್ನು ಬಿಡುತ್ತಿಲ್ಲ. ಆ ಕಪ್ಪುಕುಳಿಯ ತೂಕ ಸುಮಾರು 43 ಲಕ್ಷ ಸೂರ್ಯರಷ್ಟು. ಅದನ್ನು ಸುತ್ತುವ ನಕ್ಷತ್ರಗಳ ಬೆನ್ನು ಹತ್ತಿ ಈ ಲೆಕ್ಕ ತೆಗೆದ ಖಗೋಳವಿಜ್ಞಾನಿಗಳಾದ ಗೆಂಜೆಲ್ ಮತ್ತು ಗೆಜ್ ಅವರಿಗೆ 2020ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಉಬ್ಬಿನ ತೂಕವೋ, ಸಾವಿರ ಕೋಟಿ ಸೂರ್ಯರಿಗೂ ಮೇಲೆ. ಕಪ್ಪುಕುಳಿ ಅದರ ಸಾವಿರದಲ್ಲಿ ಒಂದು ಪಾಲೂ ಆಗುವುದಿಲ್ಲ. ಅದರ ಎಳೆತ ಮೇಲುಗೈ ಆಗುವುದು ಹತ್ತಾರು ಜ್ಯೋತಿರ್ವರ್ಷದೊಳಗೆ ಮಾತ್ರ. ಉಬ್ಬು ಹರಡಿರುವುದು ಸಾವಿರಾರು ಜ್ಯೋತಿರ್ವರ್ಷ.

ಮನೆಯಲ್ಲಿ ಎರಡು ಕಾಳಿನ ಶೇಂಗಾ ಕಾಯಿ ಇದ್ದರೆ ಕೈಗೆ ತಗೊಳ್ಳಿ. ಅಡ್ಡ ಹಿಡಿದರೆ ನಡುವೆ ಸೊಂಟ, ಎರಡೂ ಕಡೆ ಉಬ್ಬು. ತುದಿಯನ್ನು ಕಣ್ಣಿನ ನೇರಕ್ಕೆ ತಿರುಗಿಸಿದರೆ ಸೊಂಟ ಮಾಯವಾಗಿ ಬರೀ ದುಂಡು ಕಾಣುತ್ತದೆ. ನಮ್ಮ ಉಬ್ಬು ಇಂಥದೇ ಒಂದು ಕಾಯಿ. ಅದರ ಒಂದು ತುದಿ ನಮ್ಮ ಕಡೆಗೆ, ಸುಮಾರು 27 ಡಿಗ್ರಿ ಓರೆಯಾಗಿ ಚಾಚಿದೆ. ಸಾಲದ್ದಕ್ಕೆ ನಡುವೆ ಧೂಳು: ಕೇಂದ್ರದಿಂದ ಹೊರಟ ಕಣ್ಣಿಗೆ ಕಾಣುವ ಬೆಳಕು ನಮ್ಮನ್ನು ಮುಟ್ಟುವುದು ಲಕ್ಷ ಕೋಟಿಯಲ್ಲಿ ಒಂದು ಪಾಲು. ಅವಕೆಂಪು ಕಿರಣ ಈ ಧೂಳನ್ನು ದಾಟಿ ಬರುತ್ತದೆ. 1989ರಲ್ಲಿ ಹಾರಿದ ಕೋಬೆ ಉಪಗ್ರಹ ಆ ಕಿರಣದಲ್ಲಿ ನೋಡಿದಾಗ ಉಬ್ಬು ಚೆಂಡಿನಂತಿರದೆ ಪೆಟ್ಟಿಗೆಯಂತೆ ಕಂಡಿತು. 2010ರಲ್ಲಿ ಇನ್ನೊಂದು ಗುಟ್ಟು ಹೊರಬಿತ್ತು. ಒಂದೇ ದಿಕ್ಕಿಗೆ ನೋಡಿದರೂ ಒಂದೇ ಜಾತಿಯ ಕೆಂಪು ದೈತ್ಯ ನಕ್ಷತ್ರಗಳು ಎರಡು ಬೇರೆ ಬೇರೆ ದೂರದಲ್ಲಿ ಗುಂಪುಗಟ್ಟಿದ್ದವು. ಕಾಯಿಯ ಹತ್ತಿರದ ಉಬ್ಬು ಒಂದು, ದೂರದ ಉಬ್ಬು ಇನ್ನೊಂದು.

ನಮ್ಮ ಗೆಲಾಕ್ಸಿ ತಟ್ಟೆಯಂತೆ ಚಪ್ಪಟೆ. ಉಬ್ಬು ಹೀಗಾದದ್ದು ಆ ತಟ್ಟೆಯೊಳಗಿನ ನಕ್ಷತ್ರಗಳಿಂದಲೇ. ತಟ್ಟೆಯ ನಡುವೆ ಅವು ಉದ್ದನೆಯ ದಂಡದ ಆಕಾರಕ್ಕೆ ಬಂದವು. ಆಮೇಲೆ ಆ ದಂಡವೇ ಮೇಲೆ ಕೆಳಗೆ ಬಾಗಿ ದಪ್ಪಗಾಯಿತು. ಅಲ್ಲಿನ ಬಹುಪಾಲು ನಕ್ಷತ್ರಗಳಿಗೆ ಸಾವಿರ ಕೋಟಿ ವರ್ಷ ಆಗಿರಬಹುದು, ಹಾಗೆಂದು ಈ ಆಕಾರಕ್ಕೂ ಅಷ್ಟೇ ವಯಸ್ಸು ಎನ್ನಬೇಡಿ. ಹಳೇ ಕಲ್ಲಿನಿಂದ ಹೊಸ ಮನೆ ಕಟ್ಟಬಹುದು. ಪರೀಕ್ಷೆ ಬರೆಯುವವರು ಇಲ್ಲೇ ಎಡವುತ್ತಾರೆ.

ಎಲ್ಲ ಗೆಲಾಕ್ಸಿಗೂ ಇದೇ ಕತೆ ಅಲ್ಲ. ಸೊಂಬ್ರೆರೊ ಗೆಲಾಕ್ಸಿಯ ಉಬ್ಬು ದೊಡ್ಡದು, ದುಂಡಗಿನದು. ಅಂಥವು ಹೆಚ್ಚಾಗಿ ಗೆಲಾಕ್ಸಿಗಳು ಒಂದಕ್ಕೊಂದು ಡಿಕ್ಕಿಯಾಗಿ ಕೂಡಿದಾಗ ಆದವು ಎಂಬುದು ಈಗಿನ ತಿಳಿವಳಿಕೆ. ಎಂ33 ಎಂಬ ಗೆಲಾಕ್ಸಿಯಲ್ಲಿ ಉಬ್ಬು ಇಲ್ಲವೆಂದೇ ಹೇಳಬೇಕು. ದುಂಡಗಿನ ಉಬ್ಬುಗಳಲ್ಲಿ ನಕ್ಷತ್ರಗಳ ಓಟ ಜೋರಾದಷ್ಟೂ ಕಪ್ಪುಕುಳಿ ಭಾರವಾಗಿರುತ್ತದೆ ಎಂದು 2000ದಲ್ಲಿ ಎರಡು ತಂಡಗಳು ತೋರಿಸಿದವು. ಅದು ನಿಜ. ಅದನ್ನೇ ಹಿಡಿದು ‘ಕಪ್ಪುಕುಳಿಯೇ ಉಬ್ಬು ಕಟ್ಟಿತು’ ಎನ್ನುವುದು ತಪ್ಪು. ಎರಡೂ ಒಟ್ಟಿಗೆ ಬೆಳೆಯಬಹುದು. ಅಷ್ಟಕ್ಕೇ ಒಂದು ಇನ್ನೊಂದರ ತಾಯಿ ಆಗುವುದಿಲ್ಲ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಸೂರ್ಯ ಗೆಲಾಕ್ಸಿ ಕೇಂದ್ರದ ನೇರಕ್ಕೆ ಬಂದಾಗ ಅನಾಹುತ ಆಗುತ್ತದೆಯೇ?

ಪ್ರತಿವರ್ಷ 18–19ನೇ ತಾರೀಖಿನ ಸುಮಾರಿಗೆ ಆ ದಿಕ್ಕಿಗೆ ಬರುತ್ತಾನೆ. ಏನೂ ಆಗುವುದಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಟೆಲಿಸ್ಕೋಪ್‌ನಲ್ಲಿ ಗೆಲಾಕ್ಸಿಗಳು ಫೋಟೊದಂತೆ ಬಣ್ಣದಲ್ಲಿ ಕಾಣುತ್ತವೆಯೇ?

ಇಲ್ಲ. ಅದರ ಬದಲು 10×50 ದುರ್ಬೀನು (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಗಾಜಿನ ಬೈನಾಕ್ಯುಲರ್) ತಗೊಳ್ಳಿ.

ಪ್ರಶ್ನೆ: ಗೆಲಾಕ್ಸಿಯ ಕೇಂದ್ರ ಮೂಲಾ ನಕ್ಷತ್ರದ ದಿಕ್ಕಿನಲ್ಲಿದೆ, ಆದ್ದರಿಂದ ಮೂಲಾ ದೋಷಕ್ಕೆ ವಿಜ್ಞಾನದ ಆಧಾರವಿದೆ ಎಂದು ಒಬ್ಬ ಜ್ಯೋತಿಷಿ ಹೇಳಿದರು. ಸರಿಯೇ?

ದಿಕ್ಕು ಸರಿ. ಉಳಿದದ್ದು ಸುಳ್ಳು. ಮೂಲಾದ ಮುಖ್ಯ ನಕ್ಷತ್ರ ಸಾವಿರ ಜ್ಯೋತಿರ್ವರ್ಷದೊಳಗೇ ಇದೆ. ಕೇಂದ್ರ ಇರುವುದು ಸುಮಾರು 26 ಸಾವಿರ ಜ್ಯೋತಿರ್ವರ್ಷ ಆಚೆ. ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲ, ಎರಡಕ್ಕೂ ಯಾರದೋ ಮಾವನ ಆಯುಷ್ಯಕ್ಕೂ ನಂಟಿಲ್ಲ. ನನ್ನ ಹತ್ತಿರ ಕಲಿತು ಎಂಎಸ್ಸಿ ಮುಗಿಸಿದ ಹುಡುಗಿಯೊಬ್ಬಳಿಗೆ ಕೂಡಿ ಬಂದ ಸಂಬಂಧ ಇದೇ ಮಾತಿಗೆ ಮುರಿಯಿತು. ಅವಳಪ್ಪ ಸಾಲ ಮಾಡಿ ಶಾಂತಿ ಮಾಡಿಸಿದರು. ಖಗೋಳವಿಜ್ಞಾನದ ಹೆಸರು ಹೇಳಿ ಹೆಣ್ಣುಮಕ್ಕಳ ಬದುಕು ಕೆಡಿಸುವವರ ಮೇಲೆ ನನಗೆ ಸಿಟ್ಟಿದೆ. ಅವರಿಗೆ ಒಂದು ರೂಪಾಯಿ ಕೊಡಬೇಡಿ.

ಪ್ರಶ್ನೆ: ಧಾರವಾಡದಿಂದ ಉಬ್ಬು ಕಾಣುತ್ತದೆಯೇ?

ಊರೊಳಗಿಂದ ಇಲ್ಲ. ನವಲಗುಂದದ ಕಡೆ ಎರೆಹೊಲಗಳ ನಡುವೆ, ಮೇ ಮೊದಲ ವಾರ ಚಂದ್ರನಿಲ್ಲದ ನಸುಕಿನಲ್ಲಿ ಮೂರೂವರೆಗೆ ದಕ್ಷಿಣಕ್ಕೆ ಮುಖ ಮಾಡಿ, ದಿಗಂತದಿಂದ 45 ಡಿಗ್ರಿ ಎತ್ತರಕ್ಕೆ ನೋಡಿ. ಧನು ರಾಶಿಯ ನಕ್ಷತ್ರಗಳು ಚಹಾದ ಕಿಟ್ಲಿಯಂತೆ ಕಾಣುತ್ತವೆ. ಅದರ ಮೂತಿಯಿಂದ ಉಗಿ ಎದ್ದಂತೆ ಬೆಳ್ಳನೆಯ ಮೋಡವೊಂದಿದೆ. ಧೂಳು ತೆಳುವಾದ ಕಡೆ ಇಣುಕುವ ಉಬ್ಬಿನ ಚೂರು ಅದೇ. ಕಣ್ಣು ಕತ್ತಲಿಗೆ ಹೊಂದಲು ಅರ್ಧ ತಾಸು ಬೇಕು, ಮೊಬೈಲ್ ಕಿಸೆಯಲ್ಲೇ ಇರಲಿ. ಬದುವಿನ ಮೇಲೆ ನಡೆಯುವಾಗ ಮಾತ್ರ ಬ್ಯಾಟರಿ ಹಾಕಿ, ಹಾವು ಇರುತ್ತವೆ; ಗಾಜಿಗೆ ಕೆಂಪು ಹಾಳೆ ಸುತ್ತಿಕೊಳ್ಳಿ. ಒಬ್ಬರೇ ಹೋಗಬೇಡಿ.