ಒಂದೇ ಅಳತೆಯ ಎರಡು ಜಾಗ, ಬೆಲೆ ಮಾತ್ರ ಯಾಕೆ ಬೇರೆ?

ಒಂದು ಜಾಗ ರಸ್ತೆಗೆ ತಾಗಿದೆ, ಅಷ್ಟೇ ದೊಡ್ಡ ಇನ್ನೊಂದು ಅದರ ಹಿಂದಿದೆ. ಹಿಂದಿನದು ಅಷ್ಟು ಅಗ್ಗ ಯಾಕೆ, ಕೊಳ್ಳಬಹುದಾ ಅಂತ ಕೇಳಿದ್ದೀರಿ. ನಾನು ಅಂಥದ್ದೇ ಹಿಂದಿನ ಜಾಗ ಕೊಂಡು ಪಾಡು ಪಟ್ಟವನು.

ನೋಡಲು ಹೋದ ದಿನ ಅಗಲವಾದ ಮಣ್ಣುದಾರಿ ಇತ್ತು. ಕಾರು ಸಲೀಸಾಗಿ ಒಳಗೆ ಹೋಯಿತು. ಆ ದಾರಿ ಯಾರದ್ದು ಅಂತ ನಾನು ಕೇಳಲೇ ಇಲ್ಲ. ಮುಂದಿನ ಜಾಗದವರದ್ದಾಗಿತ್ತು. ಒಳ್ಳೆಯವರು, ‘ಓಡಾಡಿಕೊಳ್ಳಿ’ ಅಂದಿದ್ದರು. ಮೂರು ವರ್ಷದ ಮೇಲೆ ಅವರು ಮಾರಿದರು, ಕೊಂಡವರು ಬೇಲಿ ಹಾಕಿದರು. ಕೊನೆಗೆ ಓಡಾಟದ ಹಕ್ಕನ್ನು ದುಡ್ಡು ಕೊಟ್ಟು ಬರೆಸಿಕೊಂಡೆ. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ ರಸ್ತೆ ಪಕ್ಕದ ಜಾಗವೇ ಅಗ್ಗವಾಗಿತ್ತು!

ಬಾಯಿಮಾತಿನ ಅನುಮತಿ ಕೊಟ್ಟವರ ಜೊತೆಗೇ ಹೋಗುತ್ತದೆ. ನೋಂದಾಯಿಸಿದ ದಾರಿ ಹಕ್ಕು ಜಾಗದ ಜೊತೆ ಉಳಿಯುತ್ತದೆ. ಈ ಹಕ್ಕಿಲ್ಲದಿದ್ದರೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ, ಮನೆ ಕಟ್ಟಲು ಒಪ್ಪಿಗೆ ಸಿಗುವುದೂ ಕಷ್ಟ. ಮಾರಲು ಹೊರಟರೆ ಪಕ್ಕದವರನ್ನು ಬಿಟ್ಟು ಬೇರೆ ಯಾರಿಗೂ ಆ ಜಾಗ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅದು ಅವರಿಗೂ ಗೊತ್ತಿರುತ್ತದಲ್ವಾ? ಅವರು ಹೇಳಿದ್ದೇ ರೇಟು.

ಹಕ್ಕಿದ್ದರೂ ಅಗಲ ನೋಡಿ. ಲಾರಿ ಬಾರದಿದ್ದರೆ ಮರಳು, ಇಟ್ಟಿಗೆ ಎಲ್ಲವನ್ನೂ ಹೊರಿಸಬೇಕು, ಕಟ್ಟುವ ಖರ್ಚು ಜಾಸ್ತಿ. ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನವೂ ತಿರುವಿನಲ್ಲೇ ನಿಲ್ಲುತ್ತದೆ.

ಇನ್ನು ದೂರದ ವಿಷಯ. ಜರ್ಮನಿಯಲ್ಲಿ ಸ್ವತಃ ಜಮೀನು ಮಾಡಿಸುತ್ತಿದ್ದ ಫಾನ್ ಟ್ಯೂನೆನ್ 1826ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು: ಮಾರುಕಟ್ಟೆಯಿಂದ ದೂರ ಹೋದಷ್ಟೂ ಸಾಗಾಟದ ಖರ್ಚು ನೆಲದ ಗಳಿಕೆಯನ್ನು ತಿನ್ನುತ್ತದೆ. ಈಗ ಆ ಖರ್ಚನ್ನು ನಾವು ಓಡಾಟಕ್ಕೆ ಹಿಡಿಯುವ ನಿಮಿಷಗಳ ರೂಪದಲ್ಲಿ ಕಟ್ಟುತ್ತೇವೆ, ಅಷ್ಟೇ. ಹಾಗಾಗಿ ‘ಹೆದ್ದಾರಿ ಪಕ್ಕದಲ್ಲೇ’ ಅನ್ನುವ ಜಾಹೀರಾತಿಗೆ ಸುಮ್ನೆ ಮರುಳಾಗಬೇಡಿ. ಹೆದ್ದಾರಿಗೆ ಹತ್ತುವ ದಾರಿ ಹತ್ತಿರ ಇಲ್ಲದಿದ್ದರೆ ನಿಮಗೆ ಸಿಗುವುದು ಸದ್ದು, ಧೂಳು ಮಾತ್ರ. ಹೊಸ ರೈಲು ನಿಲ್ದಾಣ ಬರುತ್ತದೆ ಅಂದರೂ ಅಷ್ಟೇ. ಸುದ್ದಿ ಹಬ್ಬಿದಾಗಲೇ ಬೆಲೆ ಏರಿರುತ್ತದೆ, ಬಾರದ ರೈಲಿಗೆ ನೀವು ಈಗಲೇ ದುಡ್ಡು ಕಟ್ಟಿದ ಹಾಗೆ.

ಹಿಂದಿನ ಜಾಗ ಬೇಡವೇ ಬೇಡ ಅನ್ನುವುದಿಲ್ಲ. ದಾರಿಯ ತೀರಾ ಇಕ್ಕಟ್ಟಾದ ಕಡೆ ಟೇಪು ಹಿಡಿದು ಅಳೆಯಿರಿ. ಜಾಗ ಮಾರುವವರೇ ಮೊದಲು ದಾರಿ ಹಕ್ಕನ್ನು ಬರೆಸಿಕೊಡಲಿ. ಮುಂಗಡದ ಮಾತು ಆಮೇಲೆ.