ಸೆಡ್ಲೆಟ್ಸ್‌ನ ಮೂಳೆಮನೆಗೆ ಹೋಗಬಹುದೇ?

"ನಾವು ಅಸ್ಥಿಯನ್ನು ಹೊಳೆಗೆ ಬಿಡುವವರು. ಚೆಕ್ ದೇಶದ ಚರ್ಚೊಂದರಲ್ಲಿ ತಲೆಬುರುಡೆಗಳನ್ನೇ ತೋರಣ ಕಟ್ಟಿದ್ದಾರಂತೆ. ಪ್ರಾಗ್‌ಗೆ ಹೊರಟಿದ್ದೇವೆ, ಅದನ್ನು ನೋಡುವುದು ಸರಿಯೇ? ಹತ್ತು ವರ್ಷದ ಮಗಳೂ ಜೊತೆಗಿದ್ದಾಳೆ" ಎಂದು ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ.

ಸಂಪಾದಕರ ಉತ್ತರ: ನೋಡಿ. ಆದರೆ ಸ್ಮಶಾನಕ್ಕೆ ಕಾಲಿಡುವ ಮನಸ್ಸಿನಿಂದ ನೋಡಿ, ಏಕೆಂದರೆ ಅದು ಇವತ್ತಿಗೂ ಸ್ಮಶಾನದ ನಡುವಿನ ಚರ್ಚು.

1278ರಲ್ಲಿ ಸೆಡ್ಲೆಟ್ಸ್‌ನ ಕ್ರೈಸ್ತ ಮಠಾಧಿಪತಿ, ಯೇಸುವನ್ನು ಶಿಲುಬೆಗೇರಿಸಿದ ಜಾಗವೆನ್ನುವ ಜೆರುಸಲೇಮಿನ ಗೊಲ್ಗೊಥಾದಿಂದ ಮಣ್ಣು ತಂದು ಇಲ್ಲಿ ಚೆಲ್ಲಿದರೆಂಬ ಪ್ರತೀತಿಯಿದೆ. ಆ ಮಣ್ಣಲ್ಲಿ ಮಣ್ಣಾಗಬೇಕೆಂದು ದೂರದೂರದವರು ಬಯಸಿದರು. 1348ರ ಪ್ಲೇಗು, ಆಮೇಲೆ ಧರ್ಮಸುಧಾರಕ ಯಾನ್ ಹುಸ್‌ನ ಅನುಯಾಯಿಗಳ ಹುಸೈಟ್ ಯುದ್ಧಗಳು ಸಾವಿರಾರು ಹೆಣಗಳನ್ನು ತಂದವು. ಸ್ಮಶಾನವನ್ನು ಕಿರಿದು ಮಾಡಿದಾಗ ಅಗೆದು ತೆಗೆದ ಮೂಳೆಗಳನ್ನು ಚರ್ಚಿನ ನೆಲಮಾಳಿಗೆಗೆ ಸೇರಿಸಿದರು. 40ರಿಂದ 70 ಸಾವಿರ ಜನರ ಮೂಳೆಗಳಿವೆ ಎಂದು ಅಂದಾಜು. ಅವಮಾನಿಸಲು ಒಟ್ಟಿದ್ದಲ್ಲ, ಸತ್ತವರು ಮತ್ತೆ ಎದ್ದುಬರುತ್ತಾರೆಂದು ನಂಬಿದವರು ಜತನವಾಗಿ ಜೋಡಿಸಿಟ್ಟದ್ದು.

ಈಗಿನ ಅಲಂಕಾರದ ಬಹುಪಾಲು 1870ರದು. ಆಗ ಇಲ್ಲಿನ ಒಡೆತನ ಹೊಂದಿದ್ದ ಷ್ವಾರ್ಟ್ಸೆನ್‌ಬರ್ಗ್ ಎಂಬ ಶ್ರೀಮಂತ ಮನೆತನ ನೇಮಿಸಿದ ಮರಗೆತ್ತನೆಯ ಕುಶಲಿ ಫ್ರಾಂಟಿಶೆಕ್ ರಿಂಟ್ ಮೂಳೆಗಳನ್ನು ಸುಣ್ಣದ ಬ್ಲೀಚಿನಿಂದ ಬಿಳುಪಾಗಿಸಿ ಕೆಲಸಕ್ಕಿಳಿದ. ನಡುವಿನ ತೂಗುದೀಪದಲ್ಲಿ ಮನುಷ್ಯನ ಪ್ರತಿಯೊಂದು ಬಗೆಯ ಮೂಳೆಯೂ ಕನಿಷ್ಠ ಒಂದಾದರೂ ಇದೆಯೆನ್ನುತ್ತಾರೆ. ಮೂಳೆಯಲ್ಲೇ ಮಾಡಿದ ಮನೆತನದ ಲಾಂಛನದಲ್ಲಿ ಕಾಗೆಯೊಂದು ತುರ್ಕಿಯವನ ತಲೆಯ ಕಣ್ಣು ಕುಕ್ಕುತ್ತಿದೆ. 1598ರಲ್ಲಿ ಆಟೊಮನ್ ತುರ್ಕರಿಂದ ಹಂಗೇರಿಯ ರಾಬ್ ಕೋಟೆ ಗೆದ್ದುದರ ಗುರುತು ಅದು. ಮಗಳಿಗೆ ಇದನ್ನು ಒಳಗೆ ಹೋಗುವ ಮೊದಲೇ ತಿಳಿಸಿ. ಮೆಟ್ಟಿಲ ಬಳಿ ರಿಂಟ್‌ನ ಸಹಿಯಿದೆ, ಅದೂ ಮೂಳೆಯದೇ. ಬಹಳಷ್ಟು ಜನ ಗಮನಿಸದೆ ದಾಟಿಬಿಡುತ್ತಾರೆ.

ಸೆಡ್ಲೆಟ್ಸ್ ಇರುವುದು ಕುಟ್ನಾ ಹೋರಾ ಊರಿನಲ್ಲಿ. ಪ್ರಾಗ್‌ನ ಮುಖ್ಯ ನಿಲ್ದಾಣದಿಂದ ಕುಟ್ನಾ ಹೋರಾದ ಮುಖ್ಯ ನಿಲ್ದಾಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲೇ ಇಳಿಯಿರಿ, ಹತ್ತು-ಹದಿನೈದು ನಿಮಿಷದ ನಡಿಗೆ. ಊರೊಳಗಿನ ನಿಲ್ದಾಣದವರೆಗೆ ಹೋದರೆ ಎರಡು-ಮೂರು ಕಿಲೋಮೀಟರ್ ಹಿಂದೆ ಬರಬೇಕಾದೀತು. ಟಿಕೆಟ್ ಬಾಗಿಲಲ್ಲಿ ಸಿಗುವುದಿಲ್ಲ, ಸಮೀಪದ ಮಾಹಿತಿ ಕೇಂದ್ರದಲ್ಲಿ ಕೊಂಡುಕೊಂಡೇ ಬರಬೇಕು. ಚಳಿಗಾಲದಲ್ಲಿ ಬೇಗ ಮುಚ್ಚುತ್ತಾರೆ, ಡಿಸೆಂಬರ್ 24ರಂದು ತೆರೆಯುವುದೇ ಇಲ್ಲ.

ಬುರುಡೆಗಳಿಗೆ ಕನ್ನಡಕ ತೊಡಿಸಿ, ಮುತ್ತಿಟ್ಟು ಸೆಲ್ಫಿ ತೆಗೆದುಕೊಳ್ಳುವವರು ಹೆಚ್ಚಿದ್ದರಿಂದ 2020ರಿಂದ ಅನುಮತಿಯಿಲ್ಲದೆ ಫೋಟೊ ತೆಗೆಯುವಂತಿಲ್ಲ. ಈ ನಿಷೇಧ ನ್ಯಾಯವಾದದ್ದೇ. ಯಾವುದನ್ನೂ ಮುಟ್ಟಬೇಡಿ, ಮೂಲೆಗಳಲ್ಲಿರುವ ಗೋಪುರದಂಥ ರಾಶಿಗಳಲ್ಲಿ ಮೂಳೆಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ, ಅಷ್ಟೆ. ಜೀರ್ಣೋದ್ಧಾರಕ್ಕಾಗಿ ಆ ರಾಶಿಗಳನ್ನು ಬಿಚ್ಚಿ, ತೊಳೆದು, ಮತ್ತೆ ಪೇರಿಸುವ ಕೆಲಸ ವರ್ಷಗಳಿಂದ ನಡೆದಿದೆ. ನೀವು ಹೋದಾಗ ಒಂದು ಮೂಲೆ ಖಾಲಿ ಕಂಡರೆ ಕಾರಣ ಅದೇ.