ಲಾಗಿನ್ ಆದ ಕ್ಷಣವೇ ತಿಳಿಯುವ ಬಗೆ

ಪ್ರಶ್ನೆ: ನಮ್ಮ ಕಾಫಿ ಬೆಳೆಗಾರರ ಸಂಘದ ಒಂದೇ ಲಿನಕ್ಸ್ ಸರ್ವರನ್ನು ಹಲವು ಗುಮಾಸ್ತರು ತಂತಮ್ಮ ಹೆಸರಿನಲ್ಲಿ ಬಳಸುತ್ತಾರೆ. ಯಾರು ಲಾಗಿನ್ ಆದರೆಂದು ತಿಳಿಯಲು ನಿಮಿಷಕ್ಕೊಮ್ಮೆ ‘ಹೂ’ (who) ಕಮಾಂಡ್ ಓಡಿಸುತ್ತಿದ್ದೇನೆ. ಆದರೂ ಕೆಲವರು ತಪ್ಪಿಹೋಗುತ್ತಾರೆ. ಬೇರೆ ದಾರಿಯಿದೆಯೇ?
– ಓದುಗರು, ಸೋಮವಾರಪೇಟೆ

ಉತ್ತರ: ‘ಹೂ’ ಆ ಹೊತ್ತಿಗೆ ಒಳಗಿರುವವರನ್ನಷ್ಟೇ ತೋರಿಸುವುದರಿಂದ, ಎರಡು ತಪಾಸಣೆಗಳ ನಡುವೆ ಬಂದುಹೋದವರು ಅದರ ಕಣ್ಣಿಗೆ ಬೀಳುವುದಿಲ್ಲ. ಲಾಗಿನ್ ವ್ಯವಸ್ಥೆಯೇ ನಿಮಗೆ ಸುದ್ದಿ ಮುಟ್ಟಿಸುವಂತೆ ಮಾಡುವುದು ಮೇಲು. ಲಾಗಿನ್ ಅನುಮತಿಯನ್ನು ನೋಡಿಕೊಳ್ಳುವ, ಲಿನಕ್ಸ್‌ನ ‘ಪ್ಯಾಮ್’ (PAM) ಪದರದ ಸೆಷನ್ ವಿಭಾಗದಲ್ಲಿ ‘ಪ್ಯಾಮ್-ಎಕ್ಸೆಕ್’ (pam_exec) ಮಾಡ್ಯೂಲನ್ನು ಸೇರಿಸಿದರೆ, ಸೆಷನ್ ತೆರೆದಾಗಲೂ ಮುಚ್ಚಿದಾಗಲೂ, ಅಂದರೆ ಯಾರಾದರೂ ಒಳಬಂದಾಗಲೂ ಹೊರಹೋದಾಗಲೂ, ಸುದ್ದಿ ಕಳುಹಿಸಲು ನೀವು ಬರೆದಿಟ್ಟ ಸ್ಕ್ರಿಪ್ಟ್ ಓಡುತ್ತದೆ. ಬಳಕೆದಾರರ ಹೆಸರು, ದೂರದಿಂದ ಬಂದಿದ್ದರೆ ಆ ಕಂಪ್ಯೂಟರಿನ ವಿಳಾಸ ಎರಡೂ ಅದಕ್ಕೆ ಸಿಗುತ್ತವೆ. ಆ ಸಾಲನ್ನು ‘ರಿಕ್ವೈರ್ಡ್’ (ಕಡ್ಡಾಯ) ಎಂದಲ್ಲ, ‘ಆಪ್ಷನಲ್’ (ಐಚ್ಛಿಕ) ಎಂದೇ ಬರೆಯಿರಿ. ಇಲ್ಲವಾದರೆ ಸ್ಕ್ರಿಪ್ಟಿನ ಸಣ್ಣ ದೋಷಕ್ಕೂ ಗುಮಾಸ್ತರೊಂದಿಗೆ ನೀವೂ ಹೊರಗುಳಿಯಬೇಕಾದೀತು.

ಹಿಂದಿನ ಲಾಗಿನ್‌ಗಳ ಲೆಕ್ಕಕ್ಕೆ ‘ಲಾಸ್ಟ್’ (last) ಕಮಾಂಡ್ ಸಾಕು. ಮಳೆಗಾಲದಲ್ಲಿ ಕರೆಂಟು ಹೋಗಿ ಸರ್ವರ್ ಹಠಾತ್ತನೆ ನಿಂತಿದ್ದರೆ, ಲಾಗ್‌ಔಟ್ ಸಮಯದ ಜಾಗದಲ್ಲಿ ‘ಕ್ರ್ಯಾಶ್’ ಎಂದು ಕಾಣುತ್ತದೆ. ಅದಕ್ಕೆ ಗುಮಾಸ್ತರನ್ನು ದೂರಬೇಡಿ. ವಿಫಲ ಲಾಗಿನ್ ಯತ್ನಗಳನ್ನು ‘ಲಾಸ್ಟ್‌ಬಿ’ (lastb) ತೋರಿಸುತ್ತದೆ, ಆದರೆ ಅದಕ್ಕೆ ರೂಟ್ (ಸರ್ವರಿನ ಮುಖ್ಯ ನಿರ್ವಾಹಕರ) ಅಧಿಕಾರ ಬೇಕು.